ಮೂಗಿನ ಆಪರೇಷನ್‌ಗೆ ತಲೆಯ ಸಿಟಿ ಸ್ಕ್ಯಾನ್ ಯಾಕೆ? ಒಳಗಿನ ಮೂಳೆ ಒಬ್ಬರಿಗಿದ್ದಂತೆ ಇನ್ನೊಬ್ಬರಿಗೆ ಇರೋದಿಲ್ಲ

ಮೂಗು ಕಟ್ಟಿ ವರ್ಷಗಟ್ಟಲೆ ಒದ್ದಾಡಿದವರು, ಮೂಗಿನೊಳಗೆ ದುರ್ಮಾಂಸ ಬೆಳೆದವರು ಕೊನೆಗೆ ಇಎನ್‌ಟಿ ಡಾಕ್ಟರ್ ಹತ್ರ ಹೋಗ್ತಾರೆ. ಮಾತ್ರೆ, ಸ್ಪ್ರೇಗೆ ಬಗ್ಗದಿದ್ದರೆ ಆಪರೇಷನ್ ಮಾತು ಬರುತ್ತೆ. ಜೊತೆಗೇ ಇನ್ನೊಂದು ಮಾತು: 'ಸಿಟಿ ಸ್ಕ್ಯಾನ್ ಮಾಡಿಸ್ಕೊಂಡು ಬನ್ನಿ'. ತೊಂದರೆ ಇರೋದು ಮೂಗಿಗೆ, ಸ್ಕ್ಯಾನ್ ಮಾತ್ರ ತಲೆಗೆ! ಒಂದು ದಿನ ಅಂಗಡಿ ಬಾಗಿಲು ಹಾಕಿ, ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋಗಿ ದುಡ್ಡು ಸುರಿದು ಬರಬೇಕು. 'ಇದೆಲ್ಲ ಬಿಲ್ ಏರಿಸೋ ದಾರಿ' ಅಂತ ಗೊಣಗೋರು ಕಮ್ಮಿ ಇಲ್ಲ.

ಬೇಡದ ಟೆಸ್ಟ್ ಬರೆಯೋದು ಎಲ್ಲೂ ನಡೆಯೋದೇ ಇಲ್ಲ ಅಂತೇನೂ ಅಲ್ಲ. ಆದರೆ ಈ ಸ್ಕ್ಯಾನ್ ಆ ಲೆಕ್ಕಕ್ಕೆ ಸೇರೋದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಮೂಗಿನ ಮೇಲೆ ಏನಿದೆ ಅನ್ನೋದು ಗೊತ್ತಿರಬೇಕು.

ಮೂಗಿನ ಸೂರೇ ಮಿದುಳಿನ ನೆಲ

ಮೂಗು ಅಂದ್ರೆ ಹೊರಗೆ ಕಾಣೋ ಎರಡು ಹೊಳ್ಳೆ ಮಾತ್ರ ಅಲ್ಲ. ಅದು ಹಿಂದಕ್ಕೆ ಹೆಚ್ಚುಕಡಿಮೆ ತಲೆಯ ನಡುಮಧ್ಯದವರೆಗೂ ಹೋಗುತ್ತೆ. ಅಕ್ಕಪಕ್ಕ ಗಾಳಿ ತುಂಬಿದ ಸಣ್ಣ ಸಣ್ಣ ಕೋಣೆಗಳಿವೆ, ಅವೇ ಸೈನಸ್. ಈ ಕೋಣೆಗಳ ಸೂರಿನ ಮೇಲೆ ಕೂತಿರೋದು ಮಿದುಳು. ಪಕ್ಕದ ಗೋಡೆಯ ಆಚೆ ಕಣ್ಣು. ತೀರಾ ಹಿಂದಿನ ಕೋಣೆಯ ಎರಡೂ ಬದಿಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಅನ್ನೋ ದೊಡ್ಡ ರಕ್ತನಾಳ. ಇವನ್ನೆಲ್ಲ ಬೇರೆ ಮಾಡಿ ಹಿಡಿದಿಟ್ಟಿರೋ ಮೂಳೆಗೆ ತಲೆಬುರುಡೆಯ ತಳ ಅಂತಾರೆ.

ಬುರುಡೆ ಅಂದ ತಕ್ಷಣ ತೆಂಗಿನ ಚಿಪ್ಪಿನ ಹಾಗೆ ಗಟ್ಟಿ ಅಂತ ನಮ್ಮ ಕಲ್ಪನೆ. ಮೇಲ್ಭಾಗ ಹಾಗೇ ಇದೆ. ತಳ ಹಾಗಿಲ್ಲ. ಮೂಗಿನ ಸೂರಿನಲ್ಲಿ ಜರಡಿಯ ಹಾಗೆ ತೂತು ತೂತಾದ ಒಂದು ತಟ್ಟೆ ಇದೆ, ವಾಸನೆಯ ನರಗಳು ಆ ತೂತುಗಳಿಂದಲೇ ಕೆಳಗೆ ಇಳಿಯೋದು. ಆ ತಟ್ಟೆಯ ಅಂಚಿನಲ್ಲಿ ನಿಂತಿರೋ ಪಕ್ಕದ ಮೂಳೆ ಕೆಲವು ಕಡೆ 0.2 ಮಿಲಿಮೀಟರ್, ಇನ್ನು ಕೆಲವು ಕಡೆ 0.05 ಮಿಲಿಮೀಟರ್ ಅಷ್ಟೇ ದಪ್ಪ. ನಮ್ಮ ಜೇಬಿನಲ್ಲಿರೋ ಎಟಿಎಂ ಕಾರ್ಡ್ 0.76 ಮಿಲಿಮೀಟರ್ ಇರುತ್ತೆ. ಅಂದ್ರೆ ಇದು ಅಂಗಡಿಯ ಬಿಲ್ ಪೇಪರ್‌ನಷ್ಟು ತೆಳು.

ಮೂಗಿಗೂ ಕಣ್ಣಿಗೂ ಮಿದುಳಿಗೂ ನಡುವೆ ಎಷ್ಟು ಕಮ್ಮಿ ಅಂತರ ಅಂತ 2021ರಲ್ಲಿ ಕೊರೊನಾ ಎರಡನೇ ಅಲೆಯ ಹೊತ್ತಿಗೆ ರಾಜ್ಯದ ಜನ ನೋಡಿದ್ದಾರೆ. ಬ್ಲ್ಯಾಕ್ ಫಂಗಸ್ ಶುರುವಾಗ್ತಿದ್ದದ್ದು ಮೂಗಿನಲ್ಲಿ. ಅಲ್ಲಿಂದ ಕಣ್ಣಿಗೆ, ಕೆಲವರಿಗೆ ಮಿದುಳಿಗೆ. ಜೀವ ಉಳಿಸೋಕೆ ಕಣ್ಣನ್ನೇ ತೆಗೆಯಬೇಕಾಗಿ ಬಂದವರಿದ್ದಾರೆ.

ಒಬ್ಬರ ನಕ್ಷೆ ಇನ್ನೊಬ್ಬರಿಗೆ ಬರೋದಿಲ್ಲ

ಎಲ್ಲರಿಗೂ ಮೂಳೆ ಒಂದೇ ಅಳತೆಯಲ್ಲಿ ಇದ್ದಿದ್ದರೆ ಡಾಕ್ಟರ್ ಪುಸ್ತಕ ನೋಡಿಯೇ ಆಪರೇಷನ್ ಮಾಡಬಹುದಿತ್ತು. ಇರೋದಿಲ್ಲ, ಅದೇ ಸಮಸ್ಯೆ.

ಮೊದಲು ಆ ಜರಡಿ ತಟ್ಟೆಯನ್ನೇ ತಗೊಳ್ಳಿ. ಪಕ್ಕದ ಸೈನಸ್ ಸೂರಿಗಿಂತ ಅದು ಎಷ್ಟು ಕೆಳಗೆ ಇಳಿದಿದೆ ಅನ್ನೋದು ಮನುಷ್ಯರಿಂದ ಮನುಷ್ಯರಿಗೆ ಬೇರೆ. ಕೇರೋಸ್ ಅನ್ನೋ ತಜ್ಞ 1962ರಲ್ಲಿ ಇದನ್ನು ಮೂರು ಬಗೆ ಮಾಡಿದರು. 1ರಿಂದ 3 ಮಿಲಿಮೀಟರ್ ಇಳಿದಿದ್ದರೆ ಮೊದಲನೇ ಬಗೆ, 4ರಿಂದ 7 ಇದ್ದರೆ ಎರಡನೇದು, 8ರಿಂದ 16ರವರೆಗೆ ಇದ್ದರೆ ಮೂರನೇದು. ಜಾಸ್ತಿ ಜನರಲ್ಲಿ ಕಾಣೋದು ಎರಡನೇ ಬಗೆ. ತಟ್ಟೆ ಕೆಳಗೆ ಇಳಿದಷ್ಟೂ ಆ ಬಿಲ್ ಪೇಪರ್ ಮೂಳೆ ಉದ್ದವಾಗಿ, ಸರ್ಜನ್ ಉಪಕರಣ ಓಡಾಡೋ ದಾರಿಗೇ ಬಂದು ನಿಲ್ಲುತ್ತೆ. ಮೂರನೇ ಬಗೆಯವರಲ್ಲಿ ಅಪಾಯ ಹೆಚ್ಚು ಅನ್ನೋದು ಇದಕ್ಕೇ. ಇನ್ನೊಂದು ವಿಚಿತ್ರ ಅಂದ್ರೆ ಒಬ್ಬರದೇ ಮೂಗಿನಲ್ಲಿ ಬಲಗಡೆ ಒಂದು ಎತ್ತರ, ಎಡಗಡೆ ಇನ್ನೊಂದು ಎತ್ತರ ಇರಬಹುದು. ಬಲಗಡೆ ಸಲೀಸಾಗಿ ಮುಗೀತು ಅಂತ ಅದೇ ಧೈರ್ಯದಲ್ಲಿ ಎಡಗಡೆ ಕೈ ಹಾಕೋ ಹಾಗಿಲ್ಲ.

ಆ ಮೂಳೆ ತೂತಾದರೆ ಮಿದುಳಿನ ಸುತ್ತ ಇರೋ ನೀರು ಮೂಗಿನಿಂದ ಸೋರುತ್ತೆ. ನೀರು ಹೊರಗೆ ಬರೋ ದಾರಿಯಲ್ಲೇ ಸೋಂಕು ಒಳಗೂ ಹೋಗಬಹುದು, ಅದು ಮಿದುಳು ಜ್ವರಕ್ಕೆ ದಾರಿ.

ಎರಡನೇದು ಕಣ್ಣಿನ ನರದ ವಿಷಯ. ಕೆಲವರಲ್ಲಿ ನಡುವಿನ ಸೈನಸ್ ಸಾಲಿನ ಕೊನೆಯ ಕೋಣೆ ಹಿಂದಕ್ಕೆ ಬೆಳೆದು ಹಿಂದಿನ ಕೋಣೆಯ ತಲೆಯ ಮೇಲೆ ಕೂತಿರುತ್ತೆ. ಇದನ್ನು ವಿವರಿಸಿದ ಹಂಗೇರಿಯ ವೈದ್ಯರ ಹೆಸರಿನಲ್ಲಿ ಇದಕ್ಕೆ ಓನೋಡಿ ಸೆಲ್ ಅಂತಾರೆ. ಇಂಥವರಲ್ಲಿ ಕಣ್ಣಿನ ನರ ಈ ಕೋಣೆಯ ಗೋಡೆಯಲ್ಲೇ ಹಾದುಹೋಗುತ್ತೆ, ಕೆಲವೊಮ್ಮೆ ಮೇಲೆ ಮೂಳೆಯ ಹೊದಿಕೆಯೂ ಸರಿಯಾಗಿ ಇರೋದಿಲ್ಲ. ಮಾಮೂಲಿ ಕೋಣೆ ಅಂದುಕೊಂಡು ಸ್ವಚ್ಛ ಮಾಡಲು ಹೋದರೆ ದೃಷ್ಟಿಗೇ ಕುತ್ತು.

ಹಿಂದಿನ ಕೋಣೆಯದು ಬೇರೆಯದೇ ಕಥೆ. ಅದರ ಮಧ್ಯೆ ಒಂದು ಅಡ್ಡಗೋಡೆ ಇರುತ್ತೆ. ಸರಿಯಾಗಿ ನಡುವೆಯೇ ಇರಬೇಕು ಅಂತೇನಿಲ್ಲ, ಎಷ್ಟೋ ಜನರಲ್ಲಿ ವಾಲಿಕೊಂಡು ಹೋಗಿ ಕ್ಯಾರೋಟಿಡ್ ರಕ್ತನಾಳವನ್ನು ಮುಚ್ಚಿರೋ ಮೂಳೆಗೇ ಅಂಟಿಕೊಂಡಿರುತ್ತೆ. ಗೋಡೆ ತಾನೇ ಅಂತ ಅದನ್ನು ಹಿಡಿದು ತಿರುಚಿದರೆ ರಕ್ತನಾಳ ಹರಿಯಬಹುದು. ಆಗ ಆಗೋ ರಕ್ತಸ್ರಾವ ನಿಲ್ಲಿಸೋದು ದೊಡ್ಡ ಆಸ್ಪತ್ರೆಯಲ್ಲೂ ಕಷ್ಟ. ಹಳೇ ಮನೆಯ ಗೋಡೆಗೆ ಡ್ರಿಲ್ ಹಾಕೋ ಮುಂಚೆ ಎಲೆಕ್ಟ್ರಿಷಿಯನ್ 'ವೈರಿಂಗ್ ಎಲ್ಲಿಂದ ಹೋಗಿದೆ' ಅಂತ ಕೇಳ್ತಾನಲ್ಲ, ಇಲ್ಲಿ ಕೇಳೋದಕ್ಕೆ ಮನೆ ಕಟ್ಟಿದ ಮೇಸ್ತ್ರಿ ಇಲ್ಲ. ಸ್ಕ್ಯಾನ್ ಒಂದೇ ಗತಿ.

ಪಿಟ್ಯುಟರಿ ಗ್ರಂಥಿಯ ಗೆಡ್ಡೆಯನ್ನೂ ಈಗ ಹೆಚ್ಚಾಗಿ ತಲೆ ತೆರೆಯದೆ ಮೂಗಿನ ದಾರಿಯಲ್ಲೇ ತೆಗೀತಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಆಪರೇಷನ್ ಆಗುತ್ತೆ. ಆ ಗ್ರಂಥಿಗೆ ಹೋಗೋ ಬಾಗಿಲೇ ಈ ಹಿಂದಿನ ಕೋಣೆ. ಹೆಚ್ಚಿನವರಲ್ಲಿ ಕೋಣೆ ಗ್ರಂಥಿಯ ಕೆಳಗಿನವರೆಗೂ ಹರಡಿರುತ್ತೆ, ದಾರಿ ಸುಲಭ. ಕೆಲವರಲ್ಲಿ ಚಿಕ್ಕದು. ಅಪರೂಪಕ್ಕೆ ಒಬ್ಬಿಬ್ಬರಲ್ಲಿ ಕೋಣೆಯೇ ಇರೋದಿಲ್ಲ, ಗಟ್ಟಿ ಮೂಳೆ ಕೊರೆದು ಹೋಗಬೇಕು.

ಎಕ್ಸ್‌ರೇ ಸಾಲದಾ?

ಸಾಲದು. ಎಕ್ಸ್‌ರೇಯಲ್ಲಿ ಮುಂದಿನ ಮೂಳೆ, ಹಿಂದಿನ ಮೂಳೆ ಎಲ್ಲದರ ನೆರಳೂ ಒಂದರ ಮೇಲೊಂದು ಬಿದ್ದಿರುತ್ತೆ. ಸಿಟಿ ಸ್ಕ್ಯಾನ್ ಬ್ರೆಡ್ ಹೋಳು ಮಾಡಿದ ಹಾಗೆ ಪದರ ಪದರವಾಗಿ ತೋರಿಸುತ್ತೆ. ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಮೂರೂ ದಿಕ್ಕಿನ ಹೋಳು ನೋಡಿದಾಗಲೇ ಚಿತ್ರ ಪೂರ್ತಿ ಆಗೋದು. ಎಂಆರ್‌ಐ ಮೆತ್ತನೆಯ ಭಾಗಕ್ಕೆ ಒಳ್ಳೇದು, ತೆಳು ಮೂಳೆ ನೋಡೋಕೆ ಸಿಟಿಯೇ ಬೇಕು. ಗೆಡ್ಡೆ ಇದ್ದರೆ ಎರಡನ್ನೂ ಬರೀತಾರೆ.

ಇದನ್ನೆಲ್ಲ ಓದಿ ಹೆದರಬೇಕಾಗಿಲ್ಲ. ಸೈನಸ್ ಆಪರೇಷನ್‌ನಲ್ಲಿ ಇಂಥ ದೊಡ್ಡ ತೊಂದರೆ ಆಗೋದು ಸಾಮಾನ್ಯವಾಗಿ ನೂರಕ್ಕೆ ಒಬ್ಬರಿಗಿಂತ ಕಮ್ಮಿ. ಆದರೆ ಬರೀ ಸ್ಕ್ಯಾನ್ ಮಾಡಿಸಿ ರಿಪೋರ್ಟ್ ಕವರ್ ಕೊಟ್ಟರೆ ಕೆಲಸ ಮುಗಿಯೋದಿಲ್ಲ. ರಿಪೋರ್ಟ್‌ನಲ್ಲಿ ಎಷ್ಟೋ ಸಲ ಸೈನಸ್ ಕಟ್ಟಿದೆ, ದುರ್ಮಾಂಸ ಇದೆ ಅಂತ ಎರಡು ಸಾಲು ಇರುತ್ತೆ ಅಷ್ಟೇ. ಫಿಲ್ಮ್ ಅಥವಾ ಸಿಡಿಯನ್ನು ಆಪರೇಷನ್ ಮಾಡೋ ಡಾಕ್ಟರೇ ಖುದ್ದು ನೋಡಬೇಕು. 'ಸಾರ್, ನನ್ನ ಸ್ಕ್ಯಾನ್‌ನಲ್ಲಿ ಮಿದುಳಿನ ಕಡೆ, ಕಣ್ಣಿನ ಕಡೆ ಮೂಳೆ ಹೇಗಿದೆ?' ಅಂತ ಕೇಳೋಕೆ ಸಂಕೋಚ ಬೇಡ. ತಪ್ಪೇನೂ ಇಲ್ಲ, ಒಳ್ಳೇ ಡಾಕ್ಟರ್ ಫಿಲ್ಮ್ ಹಿಡಿದು ತೋರಿಸ್ತಾರೆ. ತೋರಿಸುವಾಗ ಒಂದು ಗೊತ್ತಿರಲಿ: ಫಿಲ್ಮ್‌ನಲ್ಲಿ ನಮ್ಮ ಎಡಗೈ ಕಡೆ ಕಾಣೋದು ರೋಗಿಯ ಬಲಭಾಗ, ಎದುರು ನಿಂತು ನೋಡಿದ ಹಾಗೆ.

ಹಳೇ ಫಿಲ್ಮ್ ಎಸೀಬೇಡಿ

ಎರಡು ವರ್ಷದ ಹಿಂದಿನ ಸ್ಕ್ಯಾನ್ ಇದ್ದರೂ ಹೊಸದು ಯಾಕೆ ಅಂತ ಕೆಲವರು ಕೇಳ್ತಾರೆ. ದೊಡ್ಡವರಲ್ಲಿ ಮೂಳೆಯ ಆಕಾರ ಸಾಮಾನ್ಯವಾಗಿ ಬದಲಾಗೋದಿಲ್ಲ, ಆದರೆ ದುರ್ಮಾಂಸ ಬೆಳೆದಿರಬಹುದು, ಕಾಯಿಲೆ ಮೂಳೆಯನ್ನೇ ತಿಂದಿರಬಹುದು. ಆದ್ದರಿಂದ ಹೊಸದು ಬೇಕಾ ಅನ್ನೋದನ್ನು ಡಾಕ್ಟರ್ ತೀರ್ಮಾನಕ್ಕೆ ಬಿಡಿ, ಹಳೇದನ್ನು ಮಾತ್ರ ತಪ್ಪದೆ ಒಯ್ಯಿರಿ.

ಮೊದಲೇ ಒಮ್ಮೆ ಮೂಗಿನ ಆಪರೇಷನ್ ಆಗಿದ್ದವರಿಗೆ ಇದು ಇನ್ನೂ ಮುಖ್ಯ. ಸರ್ಜನ್ ದಾರಿ ಗುರುತು ಹಿಡಿಯೋ ಒಳಗಿನ ಮೂಳೆಗಳು ಹಿಂದಿನ ಸಲ ತೆಗೆದುಹೋಗಿರಬಹುದು. ಹಳೇ ಡಿಸ್ಚಾರ್ಜ್ ಚೀಟಿ ಜೊತೆಗಿದ್ದರೆ ಅನುಕೂಲ. ಗರ್ಭಿಣಿಯರು, ಗರ್ಭ ನಿಂತಿರಬಹುದು ಅನ್ನೋ ಅನುಮಾನ ಇರೋರು ಸ್ಕ್ಯಾನ್‌ಗೆ ಮುಂಚೆಯೇ ಹೇಳಬೇಕು. ಬಿಪಿಎಲ್ ಕಾರ್ಡ್ ಇರೋರು ಖಾಸಗಿ ಸೆಂಟರ್‌ಗೆ ಹೋಗೋ ಮುಂಚೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸೋದು ಒಳ್ಳೇದು.

ಆಪರೇಷನ್ ಆದ ಮೇಲೆ ಮೂಗಿನಲ್ಲಿ ಸ್ವಲ್ಪ ರಕ್ತ, ಸಿಂಬಳ ಬರೋದು ಮಾಮೂಲಿ. ಆದರೆ ತಲೆ ಬಗ್ಗಿಸಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿದರೆ, ಬಾಯಿಗೆ ಉಪ್ಪುಪ್ಪು ಅನ್ನಿಸಿದರೆ ನೆಗಡಿ ಅಂತ ಸುಮ್ಮನಿರಬಾರದು. ಜ್ವರ, ಜೋರು ತಲೆನೋವು, ಕತ್ತು ಬಗ್ಗಿಸೋಕೆ ಆಗದಿದ್ದರೆ, ಕಣ್ಣು ಊದಿದರೆ ಅಥವಾ ಮಂಜಾದರೆ ಅದೇ ದಿನ, ರಾತ್ರಿಯಾದರೂ ಸರಿ, ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಬೇಕು.