ಮಿತದ ಅಡುಗೆ, ಹಿತದ ಹಬ್ಬ

ದೀಪಾವಳಿ ಸಮೀಪಿಸಿದಂತೆ ಅನೇಕ ಗೃಹಸ್ಥರ ಮನೆಗೆ ಸಂತಸದ ಜೊತೆಯಲ್ಲಿ ಒಂದು ಚಿಂತೆಯೂ ಬರುತ್ತದೆ. ಅಣ್ಣತಮ್ಮಂದಿರು, ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕೆಂಬ ಆಸೆ ಒಂದು ಕಡೆ. ಬೇಳೆ, ಬೆಲ್ಲ, ತುಪ್ಪದ ಬೆಲೆ ಕೇಳಿ ಕುಗ್ಗುವ ಮನಸ್ಸು ಇನ್ನೊಂದು ಕಡೆ. ಹೋದ ವರ್ಷ ನೆಂಟರ ಮನೆಯಲ್ಲಿ ಐದು ಬಗೆಯ ಸಿಹಿ ಇತ್ತು, ತಮ್ಮಲ್ಲಿ ಕಡಿಮೆಯಾದರೆ ಹೇಗೆ ಎಂದು ಸಾಲಕ್ಕೆ ಕೈಚಾಚುವವರೂ ಉಂಟು.

ಭಗವಾನ್ ಮಹಾವೀರರು ಪಾವಾಪುರಿಯಲ್ಲಿ ನಿರ್ವಾಣ ಹೊಂದಿದ ಪುಣ್ಯದಿನವೇ ಜೈನರ ದೀಪಾವಳಿ. ಸರ್ವಸ್ವವನ್ನೂ ತ್ಯಜಿಸಿದವರನ್ನು ಸ್ಮರಿಸುವ ದಿನದಂದೇ ಗೃಹಸ್ಥನು ಹೊಸ ಹೊರೆಯೊಂದನ್ನು ತಲೆಗೇರಿಸಿಕೊಳ್ಳುವುದು ವಿಪರ್ಯಾಸವೇ ಸರಿ. ಆ ಸಾಲಕ್ಕೆ ಕಾರಣ ಯಾರ ಹಸಿವೂ ಅಲ್ಲ. ನಾಲ್ಕು ಕಷಾಯಗಳಲ್ಲಿ ಎರಡು ಅಲ್ಲಿ ಅಡಗಿವೆ. ನಾಲ್ವರೆದುರು ತಾನು ಕಡಿಮೆಯಾಗಬಾರದೆಂಬುದು ಮಾನ. ಇಲ್ಲದ್ದನ್ನು ಇದೆಯೆಂದು ತೋರಿಸುವುದು ಮಾಯೆ. ಕೈ ಹೋಳಿಗೆ ಬಡಿಸುತ್ತಿರುವಾಗ ಮನಸ್ಸು ಬಡ್ಡಿಯ ಲೆಕ್ಕದಲ್ಲಿ ಬೇಯುತ್ತಿದ್ದರೆ, ಅದು ಹಬ್ಬವಲ್ಲ, ಆರ್ತಧ್ಯಾನ.

ಚಂದನೆಯ ಕಥೆ ಇಲ್ಲಿ ದಾರಿ ತೋರುತ್ತದೆ. ದಿಗಂಬರ ಪುರಾಣಗಳ ಪ್ರಕಾರ ಅವಳು ವೈಶಾಲಿಯ ಚೇಟಕ ಮಹಾರಾಜನ ಕಿರಿಯ ಮಗಳು, ಮಹಾವೀರರ ತಾಯಿಯ ಸ್ವಂತ ತಂಗಿ. ವಿಧಿವಶದಿಂದ ಕೌಶಾಂಬಿಯ ವ್ಯಾಪಾರಿಯೊಬ್ಬನ ಮನೆ ಸೇರಿ, ಅವನ ಹೆಂಡತಿಯ ಸಂಶಯಕ್ಕೆ ಗುರಿಯಾಗಿ ಸಂಕೋಲೆಯಲ್ಲಿದ್ದಳು. ಮಣ್ಣಿನ ಬಟ್ಟಲಲ್ಲಿ ಗಂಜಿ ಬೆರೆಸಿದ ಹಾರಕದ ಅನ್ನವೇ ಅವಳ ಆಹಾರ. ಆಹಾರಕ್ಕಾಗಿ ನಗರಕ್ಕೆ ಬಂದ ಮಹಾವೀರ ಮುನಿಗಳನ್ನು ಕಂಡು ಭಕ್ತಿಯಿಂದ ಎದ್ದಾಗ ಸಂಕೋಲೆ ಕಳಚಿತು. ಬಡ ಅನ್ನವೇ ಉತ್ತಮ ಶಾಲ್ಯನ್ನವಾಯಿತು. ಮುಂದೆ ಅವಳೇ ಮಹಾವೀರರ ಸಂಘದ ಆರ್ಯಿಕೆಯರಿಗೆ ಪ್ರಮುಖಳಾದಳು. ರಾಜಪುತ್ರಿ ತನ್ನ ಬಡತನಕ್ಕೆ ನಾಚಿ ಒಳಗೇ ಉಳಿದಿದ್ದರೆ ಆ ದಾನ ನಡೆಯುತ್ತಿರಲಿಲ್ಲ.

ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರ ವಿಶೇಷದಿಂದ ದಾನಕ್ಕೆ ವಿಶೇಷತೆ ಬರುತ್ತದೆಂದು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ದ್ರವ್ಯ ಶುದ್ಧವಾಗಿರಬೇಕು, ದುಬಾರಿಯಾಗಿರಬೇಕೆಂದಿಲ್ಲ. ಅತಿಥಿಗಳಿಗೆ ಬಡಿಸುವ ಗೃಹಸ್ಥನಿಗೂ ಈ ಮಾತು ದೀಪ.

ಪರಿಗ್ರಹ ಪರಿಮಾಣವೆಂಬ ಅಣುವ್ರತವನ್ನು ಹಬ್ಬದ ಸಂತೆಗೂ ಅನ್ವಯಿಸಬಹುದು. ಅಂಗಡಿಗೆ ಹೋಗುವ ಮೊದಲೇ ವೆಚ್ಚದ ಮಿತಿಯನ್ನು ನಿಶ್ಚಯಿಸಿ, ಉಣ್ಣುವವರ ಸಂಖ್ಯೆಯನ್ನು ಎಣಿಸಿಕೊಂಡು ಪದಾರ್ಥ ತರುವುದು ಅದರ ಮೊದಲ ಹೆಜ್ಜೆ. ಮಳೆಗಾಲದಲ್ಲಿ 3, ಬೇಸಿಗೆಯಲ್ಲಿ 5, ಚಳಿಗಾಲದಲ್ಲಿ 7 ದಿನವೆಂದು ಹಿಟ್ಟಿಗೂ ಮರ್ಯಾದೆ ಕಟ್ಟಿದ ಶ್ರಾವಕಾಚಾರದಲ್ಲಿ ಅತಿಸಂಗ್ರಹಕ್ಕೆ ಎಡೆಯೇ ಇಲ್ಲ. ಉಳಿದು ಹಳಸಿದ ಅನ್ನದಲ್ಲಿ ಜೀವೋತ್ಪತ್ತಿಯಾಗುವುದರಿಂದ ಅಳತೆ ಮೀರಿ ಬೇಯಿಸುವುದು ಹಣದ ನಷ್ಟವಷ್ಟೇ ಅಲ್ಲ, ಹಿಂಸೆಗೂ ಕಾರಣ.

ಒಂದು ಹೋಳಿಗೆ, ಸಿಹಿಗುಂಬಳದ ಪಲ್ಯ, ಹೆಸರುಬೇಳೆಯ ಕೋಸಂಬರಿ, ಅನ್ನ, ಸಾರು: ಇಷ್ಟು ಬಿಸಿಯಾಗಿ ಎಲೆಗೆ ಬಂದರೆ ಊಟ ತುಂಬಿದಂತೆಯೇ. ತಂಗಿಯೊಬ್ಬಳು ಪಾಯಸ ಮಾಡಿ ತರುತ್ತೇನೆಂದರೆ ಬೇಡವೆನ್ನಬಾರದು. ಅವಳಿಗೂ ದಾತೃವಾಗುವ ಭಾಗ್ಯ ಸಿಗಲಿ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿದರೆ ಸಂಜೆಯ ಹೊತ್ತು ದೀಪಕ್ಕೂ ಜಿನಸ್ತುತಿಗೂ ಮೀಸಲಾಗುತ್ತದೆ.

ಉಣ್ಣುವವರಿಗೂ ಒಂದು ಧರ್ಮವಿದೆ. ಹಸಿವಿಗಿಂತ ಕಡಿಮೆ ಉಣ್ಣುವ ಅವಮೌದರ್ಯವು ಆರು ಬಾಹ್ಯ ತಪಗಳಲ್ಲಿ ಒಂದು. ಆದ್ದರಿಂದ ಬೇಡವೆಂದ ಎಲೆಗೆ ಬಲವಂತವಾಗಿ ಬಡಿಸುವುದು ಉಪಚಾರವಲ್ಲ. ಉಂಡ ಮನೆಯ ಸಿಹಿಗಳನ್ನು ಇನ್ನೊಂದು ಮನೆಯಲ್ಲಿ ಎಣಿಸಿ ಹೇಳುವುದು ಸೌಜನ್ಯವೂ ಅಲ್ಲ.

ದಶಲಕ್ಷಣ ಪರ್ವದಲ್ಲಿ ಮಾರ್ದವ, ಆರ್ಜವಗಳ ಪ್ರವಚನ ಕೇಳಿ ಎರಡು ತಿಂಗಳು ಕಳೆಯುವುದರೊಳಗೆ ದೀಪಾವಳಿ ಬರುತ್ತದೆ. ಮಾನವನ್ನು ಗೆಲ್ಲುವುದು ಮಾರ್ದವ, ಮಾಯೆಯನ್ನು ಗೆಲ್ಲುವುದು ಆರ್ಜವ. ‘ಈ ವರ್ಷ ನಮ್ಮಿಂದಾದದ್ದು ಇಷ್ಟು, ಬನ್ನಿ, ಕೂಡಿ ಉಣ್ಣೋಣ’ ಎಂದು ಮನೆಯ ಹಿರಿಯರು ಬಾಗಿಲಲ್ಲಿ ನಿಂತು ಮನಬಿಚ್ಚಿ ಹೇಳಿದಾಗ ಅವೆರಡೂ ಒಟ್ಟಿಗೆ ನೆರವೇರುತ್ತವೆ. ಅಂಥ ಮನೆಯಲ್ಲಿ ಹಬ್ಬದ ಮರುದಿನವೂ ನೆಮ್ಮದಿ ಉಳಿದಿರುತ್ತದೆ.