ಫ್ರಿಜ್ ಪಕ್ಕದ ಹಾಸಿಗೆ

ಅಜ್ಜಿ ತೀರಿಕೊಂಡಮೇಲೆ ಮಿಕಾಗೆಗೆ ನಿದ್ದೆ ಬರೋದು ಒಂದೇ ಕಡೆ. ಅಡುಗೆಮನೆಯಲ್ಲಿ, ಫ್ರಿಜ್ಜಿನ ಗುಂಯ್‌ಗುಡುವ ಸದ್ದಿನ ಪಕ್ಕ.

ಜಪಾನಿನ ಬನಾನಾ ಯೋಶಿಮೊಟೊ ಬರೆದ, 1988ರ ‘ಕಿಚನ್’ ಕಾದಂಬರಿ ಶುರುವಾಗೋದು ಹೀಗೆ. ಯುಇಚಿ ಅನ್ನೋ ಹುಡುಗ, ಅವನ ತಾಯಿ ಎರಿಕೊ ಮಿಕಾಗೆಯನ್ನು ತಮ್ಮ ಮನೆಗೆ ಕರೀತಾರೆ. ಮಲಗೋಕೆ ಸೋಫಾ, ಬೇಯಿಸೋಕೆ ಒಲೆ. ನಮ್ಮಲ್ಲಾದ್ರೆ ಮೊದಲು ಉಪದೇಶ ಬಡಿಸ್ತಿದ್ರು!

ಮುಂದೆ ಎರಿಕೊ ಕೊಲೆಯಾಗ್ತಾಳೆ. ಈಗ ಒಂಟಿ ಯುಇಚಿ. ದೂರದ ವಸತಿಗೃಹ ಸೇರಿದ್ದಾನೆ. ಅಲ್ಲಿ ಊಟ ಅಂದ್ರೆ ಬರೀ ತೋಫು. ಇತ್ತ ಕೆಲಸಕ್ಕೆಂದು ಇಝುಗೆ ಹೋದ ಮಿಕಾಗೆ ರಾತ್ರಿ ಹೊತ್ತು ಕತ್ಸುದೋನ್ ತಿಂತಾಳೆ. ಅನ್ನದ ಮೇಲೆ ಕರಿದ ಹಂದಿಮಾಂಸ, ಮೊಟ್ಟೆ. ರುಚಿ ಅಂದ್ರೆ ರುಚಿ! ಇನ್ನೊಂದು ಕಟ್ಟಿಸ್ಕೊಂಡು, ಯುಇಚಿ ಇರೋ ವಸತಿಗೃಹಕ್ಕೆ ಟ್ಯಾಕ್ಸಿ ಹತ್ತುತ್ತಾಳೆ. ಅಲ್ಲಿ ಬಾಗಿಲು ಹಾಕಿದೆ. ಮಾಡು ಹತ್ತುತ್ತಾಳೆ, ಕೈ ತರಚಿಕೊಳ್ಳುತ್ತಾಳೆ. ಥೇಟ್ ಸಿನಿಮಾ, ಆದ್ರೂ ನನಗಿಷ್ಟ.

ಯುಇಚಿ ಕಿಟಕಿ ತೆಗೀತಾನೆ. ತಿಂತಾನೆ.