ಚಿರತೆ ಸಂಚಾರವಿರುವ ಗ್ರಾಮಗಳಲ್ಲಿ ಮನೆಬಾಗಿಲ ಸುರಕ್ಷತೆ: ಚಿಕ್ಕ ಮಕ್ಕಳು ಮತ್ತು ಸಾಕುಪ್ರಾಣಿಗಳ ರಕ್ಷಣೆ

ಪೀಠಿಕೆ

2007ರಲ್ಲಿ ರಾಮನಗರ ಜಿಲ್ಲೆಯಾಗಿ ರಚನೆಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂದು ಮರುನಾಮಕರಣಗೊಂಡ ಜಿಲ್ಲೆಯ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳಲ್ಲಿ ಬಂಡೆಗಲ್ಲಿನ ಬೆಟ್ಟಗಳು, ಕುರುಚಲು ಕಾಡು ಹಾಗೂ ಕೃಷಿಭೂಮಿ ಒಂದಕ್ಕೊಂದು ಹೊಂದಿಕೊಂಡಿವೆ. ಬೆಟ್ಟದ ಗವಿಗಳಲ್ಲಿ ಹಗಲು ಕಳೆಯುವ ಚಿರತೆಯು ಕತ್ತಲಾದ ಮೇಲೆ ಹಿಪ್ಪುನೇರಳೆ ತೋಟ ಮತ್ತು ಹೊಲಗಳ ಬದುಗಳ ಮೂಲಕ ಊರಿನ ಅಂಚಿನವರೆಗೂ ಬರುವುದುಂಟು.

2020ರ ಮೇ ತಿಂಗಳಿನಲ್ಲಿ ಮಾಗಡಿ ತಾಲ್ಲೂಕಿನ ಗ್ರಾಮವೊಂದರಲ್ಲಿ, ಸೆಕೆಯ ಕಾರಣ ಬಾಗಿಲು ತೆರೆದಿಟ್ಟು ಮಲಗಿದ್ದ ಮನೆಯೊಂದರಿಂದ ಮೂರು ವರ್ಷದ ಬಾಲಕನನ್ನು ಚಿರತೆಯು ಹೊತ್ತೊಯ್ದು ಕೊಂದಿತು. ಅದೇ ತಿಂಗಳು ಅದೇ ತಾಲ್ಲೂಕಿನಲ್ಲಿ ವೃದ್ಧೆಯೊಬ್ಬರೂ ಚಿರತೆ ದಾಳಿಗೆ ಬಲಿಯಾದರು. ಇಂತಹ ಘಟನೆಗಳು ವಿರಳವಾದರೂ, ಮನೆಬಾಗಿಲಿನ ವಿಷಯದಲ್ಲಿ ವಹಿಸುವ ಸಣ್ಣ ಎಚ್ಚರಿಕೆಯು ಜೀವ ಉಳಿಸಬಲ್ಲದು. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ಮಾಹಿತಿಗಾಗಿ ಕೆಳಕಂಡ ವಿವರಗಳನ್ನು ನೀಡಲಾಗಿದೆ.

1. ಚಿರತೆ ಮನೆಬಾಗಿಲಿಗೆ ಬರುವುದೇಕೆ?

ಚಿರತೆಯು ಸಾಮಾನ್ಯವಾಗಿ ಮನುಷ್ಯರಿಂದ ದೂರವಿರುವ ಪ್ರಾಣಿ. ಅದು ಊರಿಗೆ ಬರುವುದು ಬಹುತೇಕ ನಾಯಿ, ಮೇಕೆ, ಕುರಿ ಮತ್ತು ಕರುಗಳಿಗಾಗಿ. ಮಹಾರಾಷ್ಟ್ರದ ಅಕೋಲೆ ಪ್ರದೇಶದ ಕೃಷಿಭೂಮಿಗಳಲ್ಲಿ ನಡೆದ ಅಧ್ಯಯನವೊಂದರಲ್ಲಿ, ಅಲ್ಲಿನ ಚಿರತೆಗಳ ಆಹಾರದಲ್ಲಿ ನಾಯಿಗಳೇ ಅತಿ ದೊಡ್ಡ ಪಾಲು ಹೊಂದಿದ್ದುದು ಕಂಡುಬಂದಿತು.

ಮನೆ ಕಾಯಲೆಂದು ಬಾಗಿಲ ಬಳಿ ನಾಯಿಯನ್ನು ಕಟ್ಟುವುದು ರೂಢಿ. ಕಳ್ಳರ ಮಟ್ಟಿಗೆ ಇದು ಸರಿಯಾದ ಕ್ರಮವಿರಬಹುದು. ಆದರೆ ಚಿರತೆ ಸಂಚಾರವಿರುವ ಊರಿನಲ್ಲಿ, ಸರಪಳಿಯಲ್ಲಿ ಕಟ್ಟಿದ ನಾಯಿಯು ಮನೆಯನ್ನು ಕಾಯುವುದಿಲ್ಲ. ಬದಲಿಗೆ ಚಿರತೆಯನ್ನು ಬಾಗಿಲವರೆಗೆ ಕರೆತರುತ್ತದೆ. ನಾಯಿಯನ್ನು ಅರಸಿ ಬಂದ ಚಿರತೆಗೆ, ತೆರೆದ ಬಾಗಿಲಿನ ಒಳಗೆ ಅಥವಾ ಜಗಲಿಯ ಮೇಲೆ ಮಲಗಿರುವ ಮಗುವೂ ಗಾತ್ರದಲ್ಲಿ ಅಂತಹುದೇ ಬೇಟೆಯಾಗಿ ತೋರುವ ಅಪಾಯವಿದೆ. ಆದುದರಿಂದ ಮಕ್ಕಳ ರಕ್ಷಣೆ ಮತ್ತು ಸಾಕುಪ್ರಾಣಿಗಳ ರಕ್ಷಣೆಯನ್ನು ಒಂದೇ ವಿಷಯವೆಂದು ಪರಿಗಣಿಸತಕ್ಕದ್ದು.

2. ಮನೆಯಲ್ಲಿ ವಹಿಸಬೇಕಾದ ಎಚ್ಚರಿಕೆಗಳು

ಅ) ಮುಸ್ಸಂಜೆಯಿಂದ ಬೆಳಗಿನವರೆಗೆ ಹೊರಬಾಗಿಲನ್ನು ಒಳಗಿನಿಂದ ಚಿಲಕ ಹಾಕಿ ಭದ್ರಪಡಿಸುವುದು. ಬೇಸಿಗೆಯಲ್ಲಿ ಗಾಳಿಗಾಗಿ ಬಾಗಿಲು ತೆರೆದಿಡುವ ಬದಲು, ಬಾಗಿಲಿಗೆ ಹಾಗೂ ಕಿಟಕಿಗಳಿಗೆ ಕಬ್ಬಿಣದ ಗ್ರಿಲ್ ಅಳವಡಿಸಿಕೊಳ್ಳುವುದು. ಅರ್ಧ ಬಾಗಿಲು ಮುಚ್ಚಿದರೆ ಸಾಲದು. ಚಿರತೆಯು ಅದನ್ನು ಸುಲಭವಾಗಿ ಜಿಗಿಯಬಲ್ಲದು.

ಆ) ಮಕ್ಕಳನ್ನು ಜಗಲಿ, ಅಂಗಳ ಅಥವಾ ಬಾಗಿಲ ಪಕ್ಕದಲ್ಲಿ ಮಲಗಿಸದೆ, ಒಳಕೋಣೆಯಲ್ಲಿ ದೊಡ್ಡವರ ನಡುವೆ ಮಲಗಿಸುವುದು.

ಇ) ರಾತ್ರಿ ವೇಳೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಲು ಹುಳುಮನೆಗೆ ಹೋಗುವವರು, ಮಕ್ಕಳು ಮಲಗಿರುವ ಮನೆಯ ಬಾಗಿಲನ್ನು ಮುಂದಕ್ಕೆ ಎಳೆದು ಹೋಗುವುದು ಸಾಲದು. ಒಬ್ಬ ವಯಸ್ಕರು ಮನೆಯಲ್ಲಿದ್ದು ಒಳಗಿನಿಂದ ಚಿಲಕ ಹಾಕಿಕೊಳ್ಳುವುದು.

ಈ) ಕತ್ತಲಾದ ನಂತರ ಮಕ್ಕಳನ್ನು ಬಯಲಿಗೆ, ಹೊರಗಿನ ಶೌಚಾಲಯಕ್ಕೆ ಅಥವಾ ಕೊಟ್ಟಿಗೆಗೆ ಒಂಟಿಯಾಗಿ ಕಳುಹಿಸದಿರುವುದು. ದೊಡ್ಡವರು ಟಾರ್ಚ್ ಹಿಡಿದು, ಮಾತನಾಡುತ್ತಾ, ಮಗುವಿನ ಕೈ ಹಿಡಿದು ಕರೆದೊಯ್ಯುವುದು.

ಉ) ನಾಯಿಯನ್ನು ರಾತ್ರಿ ಹೊರಗೆ ಕಟ್ಟದೆ, ಮನೆಯೊಳಗೆ ಅಥವಾ ಮುಚ್ಚಿದ ಗೂಡಿನಲ್ಲಿ ಇರಿಸುವುದು.

ಊ) ಕುರಿ, ಮೇಕೆಗಳ ಕೊಟ್ಟಿಗೆಗೆ ಗಟ್ಟಿಯಾದ ಬಾಗಿಲಷ್ಟೇ ಅಲ್ಲದೆ ಮೇಲ್ಛಾವಣಿಯೂ ಇರತಕ್ಕದ್ದು. ಚಿರತೆಯು ಗೋಡೆ ಹತ್ತಬಲ್ಲ ಪ್ರಾಣಿಯಾದುದರಿಂದ, ಮೇಲೆ ತೆರೆದಿರುವ ದೊಡ್ಡಿಯಿಂದ ರಕ್ಷಣೆ ದೊರೆಯುವುದಿಲ್ಲ.

ಋ) ಮನೆಯ ಸುತ್ತಲಿನ ಪೊದೆಗಳನ್ನು ಸವರಿ, ಬಾಗಿಲ ಮುಂದೆ ದೀಪವಿರಿಸುವುದು. ಕೋಳಿ ಹಾಗೂ ಮಾಂಸದ ತ್ಯಾಜ್ಯವನ್ನು ಊರಂಚಿನಲ್ಲಿ ಸುರಿಯದಿರುವುದು. ತ್ಯಾಜ್ಯವಿದ್ದಲ್ಲಿ ಬೀದಿನಾಯಿಗಳು, ನಾಯಿಗಳಿದ್ದಲ್ಲಿ ಚಿರತೆ.

3. ಗುಡಾರ, ವಾಹನ ಅಥವಾ ತೋಟದ ಮನೆಯಲ್ಲಿ ತಂಗುವವರಿಗೆ

ಬೆಂಗಳೂರು ಮುಂತಾದ ಕಡೆಗಳಿಂದ ಸಾವನದುರ್ಗ, ರಾಮದೇವರ ಬೆಟ್ಟ, ಸಂಗಮ ಮೊದಲಾದ ಸ್ಥಳಗಳಿಗೆ ಮಕ್ಕಳು ಹಾಗೂ ಸಾಕುನಾಯಿಗಳೊಂದಿಗೆ ಬರುವವರಿಗೂ ಮೇಲ್ಕಂಡ ಎಚ್ಚರಿಕೆಗಳು ಅನ್ವಯಿಸುತ್ತವೆ. ಅನುಮತಿಯಿಲ್ಲದೆ ಮೀಸಲು ಅರಣ್ಯದೊಳಗೆ ತಂಗುವಂತಿಲ್ಲ. ಅರಣ್ಯದ ಹೊರಗೆ ತಂಗುವವರು ಗುಡಾರದ ಹಾಗೂ ವಾಹನದ ಬಾಗಿಲನ್ನು ಸಂಜೆಯ ನಂತರ ಮುಚ್ಚಿಡುವುದು. ಗುಡಾರದ ಬಟ್ಟೆಯು ಭದ್ರವಾದ ಗೋಡೆಯಲ್ಲ. ಚಿಕ್ಕ ಮಕ್ಕಳಿದ್ದಲ್ಲಿ ಗಟ್ಟಿ ಕಟ್ಟಡದೊಳಗೆ ತಂಗುವುದೇ ಲೇಸು. ವಾಹನದಿಂದ ಇಳಿಯುವಾಗ ಮೊದಲು ದೊಡ್ಡವರು ಇಳಿದು, ಟಾರ್ಚ್ ಬೆಳಕಿನಲ್ಲಿ ಸುತ್ತಲೂ ನೋಡಿ, ಅನಂತರವೇ ಮಕ್ಕಳನ್ನು ಇಳಿಸುವುದು. ನಾಯಿಯನ್ನು ವಾಹನದ ಚಕ್ರಕ್ಕಾಗಲಿ ಗುಡಾರದ ಗೂಟಕ್ಕಾಗಲಿ ಕಟ್ಟದಿರುವುದು. ಹಗಲಿನಲ್ಲಿ ಮಕ್ಕಳನ್ನಾಗಲಿ ಪ್ರಾಣಿಗಳನ್ನಾಗಲಿ ಮುಚ್ಚಿದ ವಾಹನದೊಳಗೆ ಬಿಟ್ಟುಹೋಗಬಾರದು. ಬಿಸಿಲಿಗೆ ಒಳಗಿನ ಉಷ್ಣತೆಯು ಕೆಲವೇ ನಿಮಿಷಗಳಲ್ಲಿ ಅಪಾಯಕರ ಮಟ್ಟ ತಲುಪುತ್ತದೆ.

4. ಚಿರತೆ ಎದುರಾದಾಗ

ಓಡುವುದು, ಬಗ್ಗುವುದು ಅಥವಾ ಕುಳಿತುಕೊಳ್ಳುವುದು ಸಲ್ಲದು. ಮಗುವನ್ನು ಕೂಡಲೇ ಎತ್ತಿಕೊಂಡು, ಗಟ್ಟಿಯಾಗಿ ಕೂಗುತ್ತಾ, ಚಿರತೆಗೆ ಬೆನ್ನು ತೋರಿಸದೆ ನಿಧಾನವಾಗಿ ಹಿಂದೆ ಸರಿಯಬೇಕು. ಚಿರತೆಯು ಮನೆಯೊಳಗೆ ಸೇರಿಕೊಂಡಲ್ಲಿ, ಎಲ್ಲರೂ ಹೊರಬಂದು ಬಾಗಿಲನ್ನು ಹೊರಗಿನಿಂದ ಭದ್ರಪಡಿಸಿ, ಅರಣ್ಯ ಸಹಾಯವಾಣಿ 1926 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡತಕ್ಕದ್ದು. ಗುಂಪು ಸೇರಿ ಸುತ್ತುವರಿದಾಗ ಗಾಬರಿಗೊಂಡ ಪ್ರಾಣಿಯು ಜನರ ಮೇಲೆರಗುತ್ತದೆ. ಕಚ್ಚಿದ ಅಥವಾ ಪರಚಿದ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ತಕ್ಷಣ ಆಸ್ಪತ್ರೆಗೆ ತೆರಳಿ ರೇಬೀಸ್ ಲಸಿಕೆ ಪಡೆಯಬೇಕು.

5. ಮಾಹಿತಿ ನೀಡುವುದು ಮತ್ತು ದಯಾತ್ಮಕ ಧನಕ್ಕೆ ಅರ್ಜಿ

ಊರಿನ ನಾಯಿಗಳು ಒಂದೊಂದಾಗಿ ಕಾಣೆಯಾಗತೊಡಗಿದಲ್ಲಿ ಅದು ಚಿರತೆ ಸಂಚಾರದ ಮುನ್ಸೂಚನೆಯಾಗಿರಬಹುದು. ಪರಿಹಾರ ಕೋರದಿದ್ದರೂ ಈ ಬಗ್ಗೆ ಆಯಾ ತಾಲ್ಲೂಕಿನ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ತಿಳಿಸುವುದು ಅತ್ಯವಶ್ಯ. ಮಗುವಿನ ಮೇಲೆ ದಾಳಿಯಾದ ನಂತರ ಬೋನು ಇಡುವುದಕ್ಕಿಂತ, ನಾಯಿ ಕಾಣೆಯಾದ ದಿನವೇ ಊರು ಎಚ್ಚೆತ್ತುಕೊಳ್ಳುವುದು ಮೇಲು.

ವನ್ಯಪ್ರಾಣಿ ದಾಳಿಯಿಂದ ಪ್ರಾಣಹಾನಿ, ಗಾಯ ಅಥವಾ ಜಾನುವಾರು ಹಾನಿಯಾದಲ್ಲಿ ಪ್ರಚಲಿತ ಸರ್ಕಾರಿ ಆದೇಶದನ್ವಯ ದಯಾತ್ಮಕ ಧನ ಪಡೆಯಲು ಅವಕಾಶವಿರುತ್ತದೆ. ಅರ್ಜಿದಾರರು ಗಮನಿಸಬೇಕಾದ ಅಂಶಗಳು:

ಅ) ಘಟನೆಯನ್ನು ತಡಮಾಡದೆ ಅರಣ್ಯ ಸಿಬ್ಬಂದಿಗೆ ತಿಳಿಸುವುದು. ಸ್ಥಳ ಮಹಜರು ಆಗುವವರೆಗೆ ಸತ್ತ ಜಾನುವಾರನ್ನು ಸಾಗಿಸುವುದಾಗಲಿ ಹೂಳುವುದಾಗಲಿ ಮಾಡಬಾರದು. ಸಾಧ್ಯವಿದ್ದಲ್ಲಿ ಛಾಯಾಚಿತ್ರ ತೆಗೆದಿರಿಸುವುದು.

ಆ) ಜಾನುವಾರಿಗೆ ಸಂಬಂಧಿಸಿದಂತೆ ಪಶುವೈದ್ಯಾಧಿಕಾರಿಗಳ ಪ್ರಮಾಣಪತ್ರ, ಗಾಯಕ್ಕೆ ವೈದ್ಯಕೀಯ ಪ್ರಮಾಣಪತ್ರ, ಪ್ರಾಣಹಾನಿಗೆ ಮರಣೋತ್ತರ ಪರೀಕ್ಷಾ ವರದಿಯನ್ನು ಪಡೆದುಕೊಳ್ಳುವುದು.

ಇ) ಗುರುತಿನ ಚೀಟಿ ಹಾಗೂ ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಗಳೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿ ಅರ್ಜಿ ಸಲ್ಲಿಸುವುದು.

6. ಕಾನೂನಿನ ಅಂಶ

ಚಿರತೆಯು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 1ನೇ ಅನುಸೂಚಿಯಲ್ಲಿ ಸೇರಿದ್ದು, ಅದಕ್ಕೆ ವಿಷವಿಡುವುದು, ಉರುಳು ಹಾಕುವುದು ಅಥವಾ ಕೊಲ್ಲುವುದು ಶಿಕ್ಷಾರ್ಹ ಅಪರಾಧ. ಒಂದೆಡೆ ಹಿಡಿದ ಚಿರತೆಯನ್ನು ಮತ್ತೊಂದೆಡೆ ಬಿಡುವುದು ಸಮಸ್ಯೆಗೆ ಪರಿಹಾರವಲ್ಲವೆಂಬುದನ್ನು ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯದ 2011ರ ಮಾರ್ಗಸೂಚಿಗಳೂ ಒತ್ತಿ ಹೇಳಿವೆ. ಬೆಟ್ಟವಿರುವವರೆಗೆ ಚಿರತೆಯೂ ಇರುತ್ತದೆ. ಆದುದರಿಂದ ಪ್ರತಿ ಕುಟುಂಬವೂ ಕತ್ತಲಾಗುವ ಮುನ್ನ ಮಕ್ಕಳು ಒಳಗಿದ್ದಾರೆಯೇ, ನಾಯಿ ಒಳಗಿದೆಯೇ, ಬಾಗಿಲಿಗೆ ಚಿಲಕ ಬಿದ್ದಿದೆಯೇ ಎಂಬ ಮೂರು ಅಂಶಗಳನ್ನು ಪ್ರತಿದಿನ ಖಚಿತಪಡಿಸಿಕೊಳ್ಳುವಂತೆ ಕೋರಲಾಗಿದೆ.